ಅತ್ತೆಯ ಬಸ್ಸಾರು, ಅತ್ತೆಯ ಕಿಡ್ನಿ

ಕಿಡ್ನಿ ಕೈಕೊಟ್ಟ ಮನೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಲಿ. ಒಂದು ಪ್ರಸಂಗ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಅಡುಗೆಮನೆಯಿಂದ ಹೊರಟಿರುತ್ತದೆ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಒಂದು ಕಡೆ ಕೂತು ಗೊತ್ತಿಲ್ಲದವಳು. ಅಂಥವಳಿಗೆ ಡಾಕ್ಟರು, "ಎರಡೂ ಕಿಡ್ನಿ ಕೊನೇ ಹಂತಕ್ಕೆ ಬಂದಿವೆ. ಪಥ್ಯ ಸರಿಯಾಗಿ ಮಾಡಿದ್ರೆ ಇನ್ನಷ್ಟು ದಿನ ತಳ್ಳಬಹುದು. ಆಮೇಲೆ ಡಯಾಲಿಸಿಸ್, ಇಲ್ಲಾಂದ್ರೆ ಯಾರಾದ್ರೂ ಒಂದು ಕಿಡ್ನಿ ಕೊಡಬೇಕು" ಅಂದರು. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ, ಗಂಟೆಗಟ್ಟಲೆ ಮೆಷಿನ್ ಪಕ್ಕ ಅಲ್ಲಾಡದೆ ಮಲಗಬೇಕು. ನಿಜ ಹೇಳುತ್ತೇನೆ, ನನಗೆ ಸಾವಿಗಿಂತ ಅದರದೇ ಭಯ ಜಾಸ್ತಿಯಾಯಿತು. ಸಾಲದ್ದಕ್ಕೆ ಈ ಕಾಯಿಲೆಗೆ ಕಾಲು ತಾನಾಗಿ ಚಡಪಡಿಸುತ್ತದಂತೆ. ಮೊದಲೇ ನಿಲ್ಲದ ಕಾಲು ನನ್ನದು!

ನನ್ನ ಗಂಡನಿಗೆ ಶುಗರ್, ಅವರದು ತೆಗೆಯುವ ಹಾಗಿಲ್ಲ. ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರೂ ಇಲ್ಲ. ಮನೆಯಲ್ಲಿ ಉಳಿದವರು ಅತ್ತೆ ಒಬ್ಬರೇ. ಅರವತ್ತು ದಾಟಿದವರು, ದಿನ ಬೆಳಗಾದರೆ ನನ್ನ ಜೊತೆ ಜಗಳಕ್ಕೆ ನಿಲ್ಲುವವರು. ಅವರು ಕೊಡಬಹುದು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ.

ಎಳನೀರು

ಸುದ್ದಿ ಹರಡಿದ್ದೇ ತಡ, ಬಂದವರೆಲ್ಲ ಎಳನೀರು ಹಿಡಿದುಕೊಂಡೇ ಬಂದರು. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ. ರಕ್ತದಲ್ಲಿ ಏರಿದರೆ ಎದೆಬಡಿತವೇ ತಪ್ಪುತ್ತದೆ. ಇದನ್ನು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಯಾರೂ ನಂಬಲಿಲ್ಲ.

ಎದುರುಮನೆ ಆಂಟಿಯಂತೂ ಸ್ಟ್ರಾ ಹಾಕಿ ನನ್ನ ಬಾಯಿಗೇ ಹಿಡಿದರು. "ತಂಪು ಕಣಮ್ಮ, ಏನೂ ಆಗಲ್ಲ, ಒಂದು ಗುಟುಕು ಕುಡಿ."

ಅತ್ತೆ ಅಡುಗೆಮನೆಯಿಂದ ಬಂದವರೇ ಎಳನೀರು ಕಿತ್ತುಕೊಂಡು, ಸ್ಟ್ರಾ ತೆಗೆದು, ನಿಂತ ನಿಲುವಿನಲ್ಲೇ ಗಟಗಟ ಕುಡಿದು ಮುಗಿಸಿದರು.

"ಅಯ್ಯೋ, ಅದು ನಿಮ್ಮ ಸೊಸೆಗೆ ತಂದಿದ್ದು ಕಣ್ರೀ!"

"ನನ್ನ ಸೊಸೆಗೆ ಬಂದಿದ್ದು ನನ್ನ ಹೊಟ್ಟೇಲೇ ಇದೆಯಲ್ಲ, ಮನೆ ಬಿಟ್ಟು ಎಲ್ಲಿ ಹೋಯ್ತು?" ಅಂದರು ಅತ್ತೆ. ಅಲ್ಲಿಂದ ಮುಂದೆ ಬಂದ ಎಳನೀರೆಲ್ಲ ಅದೇ ದಾರಿ ಹಿಡಿಯಿತು.

ವಿಷಲ್

ನೀರಿಗೂ ಮಿತಿ ಇತ್ತು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು, ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಬೆಳಗ್ಗೆಯೇ ಒಂದು ಬಾಟಲಿಗೆ ಅಳೆದು ಇಟ್ಟುಬಿಡುತ್ತಿದ್ದರು. ಗ್ರೌಂಡಿನಲ್ಲಿ ಬಿಸಿಲು ಕುಡಿದು ಬಂದವಳಿಗೆ ಅದು ಎಲ್ಲಿ ಸಾಕಾಗುತ್ತದೆ? ನಡುಮನೆಯಿಂದ ರೂಮಿಗೆ, ರೂಮಿನಿಂದ ನಡುಮನೆಗೆ ತಿರುಗುತ್ತಾ, ಹೇಗೋ ನೀರಿನ ಫಿಲ್ಟರ್ ಹತ್ತಿರ ಹೋಗಿ ನಿಂತುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಲೋಟ ಎತ್ತಿದ್ದೇನೆ, ಬೆನ್ನ ಹಿಂದೆ "ಪೀ...!" ಎಂದು ವಿಷಲ್. ಲೋಟ ಕೈಜಾರಿ ಬಿತ್ತು. ತಿರುಗಿ ನೋಡಿದರೆ ಅತ್ತೆ. ಬಾಯಲ್ಲಿ ನನ್ನದೇ ಸ್ಕೂಲ್ ವಿಷಲ್.

"ನಿಂಗೆ ಮಾತು ಅರ್ಥ ಆಗಲ್ಲ ಕಣೇ. ನಿಂಗೆ ಇದೇ ಭಾಷೆ ಸರಿ."

ನಾನು ಬಿಡುತ್ತೇನೆಯೇ? "ಕೊಡಿ ಇಲ್ಲಿ, ಅದು ನನ್ನ ವಿಷಲ್ಲು!" ಎಂದು ಅಟ್ಟಿಸಿಕೊಂಡು ಹೋದೆ. ಅತ್ತೆ ಊದುತ್ತಲೇ ಬಾಗಿಲಿಗೆ ಓಡಿದರು. ಹೊರಗೆ ಬಂದು ನೋಡಿದರೆ, ಇಡೀ ಬೀದಿಯವರು ಹಸಿ ಕಸ, ಒಣ ಕಸದ ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದಾರೆ. ನಮ್ಮ ಕಡೆ ಕಸದವರು ಬರುವುದೂ ವಿಷಲ್ ಊದಿಕೊಂಡೇ.

ಎದುರುಮನೆ ಆಂಟಿ ಆ ತುದಿ ಈ ತುದಿ ನೋಡಿ ಕೇಳಿದರು: "ಗಾಡಿ ಎಲ್ರೀ?"

ಅತ್ತೆ ನನ್ನ ಕಡೆ ಕೈ ತೋರಿಸಿ, "ಗಾಡಿ ಇದೇ ಕಣ್ರೀ, ಬ್ರೇಕ್ ಇಲ್ಲ!" ಅಂದರು.

ಬಸ್ಸಾರು

ಇಷ್ಟು ಕಾವಲಿದ್ದರೂ ಅನಾಹುತ ಆಗಿದ್ದು ಬೇರೆ ಬಾಗಿಲಿನಿಂದ.

ಆಸ್ಪತ್ರೆಯ ಡಯೆಟಿಷಿಯನ್ ಹುಡುಗಿ ಅತ್ತೆಗೆ ಪಥ್ಯದ ಅಡುಗೆ ಹೇಳಿಕೊಟ್ಟಳು. "ಅಜ್ಜಿ, ಸೊಪ್ಪು ತರಕಾರಿ ಏನೇ ಆಗ್ಲಿ, ಜಾಸ್ತಿ ನೀರು ಹಾಕಿ ಬೇಯಿಸಿ, ಆ ನೀರು ಪೂರ್ತಿ ಬಸಿದುಬಿಡಿ."

ಅತ್ತೆಯ ಮುಖ ಅರಳಿತು. "ಇದನ್ನ ಹೇಳಿಕೊಡ್ಬೇಕೇನಮ್ಮ? ನಮ್ಮನೇಲಿ ನಮ್ಮಜ್ಜಿ ಕಾಲದಿಂದ ಬಸಿದೇ ಮಾಡೋದು!"

ಮನೆಗೆ ಬಂದು ದಂಟಿನ ಸೊಪ್ಪು, ಕಾಳು ಬೇಯಿಸಿದರು. ನೀರು ಪೂರ್ತಿ ಬಸಿದರು. ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಘಮಘಮ ಬಸ್ಸಾರು ಮಾಡಿದರು. ಸಪ್ಪೆ ತಿಂದು ತಿಂದು ಸತ್ತುಹೋಗಿದ್ದ ನಾಲಿಗೆಗೆ ಜೀವ ಬಂತು. ನಾನೂ ಯೋಚನೆ ಮಾಡಲಿಲ್ಲ, ಮುದ್ದೆ ಜೊತೆ ಎರಡೆರಡು ಸಲ ಹಾಕಿಸಿಕೊಂಡು ಹೊಡೆದೆ. ಒಂದು ವಾರ ಇದೇ ಹಬ್ಬ.

ವಾರದ ಕೊನೆಗೆ ರಕ್ತ ಪರೀಕ್ಷೆ ನೋಡಿ ಡಾಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. ಪೊಟ್ಯಾಸಿಯಂ ಮಿತಿಮೀರಿ ಏರಿತ್ತು. ಆಗಲೇ ಅಡ್ಮಿಟ್ ಮಾಡಿ, ಎದೆಗೆ ವೈರು ಅಂಟಿಸಿ ಮಲಗಿಸಿದರು. ಡಯೆಟಿಷಿಯನ್ ಓಡಿಬಂದಳು.

"ಬಾಳೆಹಣ್ಣು ಕೊಟ್ರಾ ಅಜ್ಜಿ?"

"ಇಲ್ಲ."

"ಎಳನೀರು?"

"ಅದೆಲ್ಲ ನಾನೇ ಕುಡಿದೆ."

"ಸೊಪ್ಪು ಬಸಿದ್ರಾ?"

"ಒಂದು ಹನಿ ಬಿಡದೆ ಬಸಿದೆ."

"ಮತ್ತೆ ಆ ನೀರು ಎಲ್ಲಿ ಚೆಲ್ಲಿದ್ರಿ?"

ಅತ್ತೆ ಬೆಚ್ಚಿಬಿದ್ದರು. "ಬಸ್ಸಾರನ್ನ ಯಾರಾದ್ರೂ ಚೆಲ್ತಾರೇನೇ?"

ಸೊಪ್ಪು ಬಿಟ್ಟ ಪೊಟ್ಯಾಸಿಯಂ ಎಲ್ಲಾ ಆ ನೀರಿನಲ್ಲೇ ಇತ್ತು, ಅದನ್ನೇ ನಾನು ವಾರವಿಡೀ ಉಂಡಿದ್ದೇನೆ ಎಂದು ಆ ಹುಡುಗಿ ಬಿಡಿಸಿ ಹೇಳಿದಳು. ಅತ್ತೆ ನನ್ನ ಮಂಚದ ಪಕ್ಕ ಕುಸಿದು ಕೂತರು. ಅವರು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. "ನನ್ನ ಕೈಯಾರೆ ಕೊಂದುಬಿಡ್ತಿದ್ನಲ್ಲೇ" ಅಂದರು. "ರುಚಿಯಾಗೇ ಇತ್ತು ಬಿಡಿ ಅತ್ತೆ" ಅಂದೆ ನಾನು.

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಸೀದಾ ಡಾಕ್ಟರ ಹತ್ತಿರ ಹೋದರು. "ಡಾಕ್ಟ್ರೇ, ನಂದು ಇವಳಿಗೆ ಆಗುತ್ತಾ ನೋಡಿ."

ನಾನು ಬೇಡವೆಂದು ಹಟ ಹಿಡಿದೆ. ಅತ್ತೆ ಕೇಳಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ಆಯಿತು, ಎಲ್ಲವೂ ಹೊಂದಿತು. "ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿರೋ ಕಿಡ್ನಿ!" ಎಂದು ಡಾಕ್ಟರೇ ಬೆರಗಾದರು.

"ಇರಲ್ವಾ ಮತ್ತೆ? ಇವಳ ಪಾಲಿನ ಎಳನೀರೆಲ್ಲ ಕುಡಿದಿರೋದು ಯಾರು?"

ಕಮಿಟಿ

ಅತ್ತೆ ರಕ್ತಸಂಬಂಧಿಯಲ್ಲ. ಹಾಗಾಗಿ ಯಾರ ಬಲವಂತವೂ ಇಲ್ಲ, ದುಡ್ಡಿನ ಆಸೆಗೂ ಕೊಡುತ್ತಿಲ್ಲ ಎಂದು ಒಂದು ಕಮಿಟಿಗೆ ಮನದಟ್ಟಾಗಬೇಕು. ಅವರು ಬೇಡವೆಂದರೆ ನನಗೆ ಮೆಷಿನ್ನೇ ಗತಿ. ಕಾರಿಡಾರಿನಲ್ಲಿ ನಾನು ಆ ಗೋಡೆಗೂ ಈ ಗೋಡೆಗೂ ತಿರುಗುತ್ತಾ, "ಇವತ್ತೊಂದು ದಿನ ಜಗಳ ಬೇಡ ಅತ್ತೆ, ನಿಮ್ಮ ದಮ್ಮಯ್ಯ" ಅಂದೆ.

"ನಾನೇನು ಜಗಳಗಂಟೀನಾ?" ಎಂದು ಅಲ್ಲೇ ಶುರುಮಾಡಿದರು.

ನಮ್ಮಿಬ್ಬರನ್ನೂ ನನ್ನ ಗಂಡನನ್ನೂ ಒಳಗೆ ಕರೆದರು. ಹಿರಿಯ ಡಾಕ್ಟರೊಬ್ಬರು ಕೇಳಿದರು: "ಅಮ್ಮ, ನೀವೂ ಸೊಸೆಯೂ ಅನ್ಯೋನ್ಯವಾಗಿದೀರಾ?"

"ಯಾರು ಹೇಳಿದ್ದು?"

ನಾನು ಹಿಂದಿನಿಂದ ಅತ್ತೆಯ ಸೆರಗು ಜಗ್ಗಿದೆ.

"ಅಂದ್ರೆ, ಜಗಳ ಆಡ್ತೀರಾ?"

"ದಿನಾ."

"ಸೊಸೆ ಏನಾದ್ರೂ ಬಲವಂತ ಮಾಡಿದ್ರಾ?"

"ಇವಳು ಹೇಳಿದ್ದನ್ನ ನಾನು ಯಾವತ್ತು ಕೇಳಿದೀನಿ? ಇವಳು ಬೇಡ ಅಂದ್ಲು. ಅದಕ್ಕೇ ಬಂದಿದೀನಿ."

"ಮತ್ತೆ ಯಾಕಮ್ಮ ಕೊಡ್ತಾ ಇದೀರಿ?"

ಅತ್ತೆ ಪಕ್ಕದಲ್ಲಿದ್ದ ನನ್ನ ಗಂಡನನ್ನು ತೋರಿಸಿದರು. "ನೋಡಿ ಸಾರ್, ನನ್ನ ಮಗ. ಬಂದಾಗಿಂದ ಬಾಯಿ ಬಿಟ್ಟಿದಾನಾ? ಆ ಮನೇಲಿ ನಾನು ಒಂದು ಮಾತಾಡಿದ್ರೆ ವಾಪಸ್ ಎರಡು ಮಾತಾಡೋಳು ಇವಳೊಬ್ಬಳೇ. ಇವಳೂ ಹೋದ್ರೆ ನಾನು ಗೋಡೆ ಜೊತೆ ಜಗಳ ಆಡ್ಲಾ?"

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಹೌದು ಸಾರ್" ಅಂದರು. ಕಮಿಟಿಯವರೆಲ್ಲ ನಕ್ಕುಬಿಟ್ಟರು. ಒಪ್ಪಿಗೆ ಸಿಕ್ಕಿತು.

ಆಪರೇಷನ್ ಆಯಿತು. ಇಬ್ಬರೂ ಗಟ್ಟಿಯಾಗಿ ಮನೆಗೆ ಬಂದೆವು. ಆದರೆ ಈಗ ಡಾಕ್ಟರು ರಾಗ ಬದಲಾಯಿಸಿದ್ದಾರೆ: ಹೊಸ ಕಿಡ್ನಿಗೆ ನೀರು ಚೆನ್ನಾಗಿ ಬೇಕು, ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತಿರಬೇಕು. ನನಗೋ ಈಗ ನೀರು ಕಂಡರೆ ಆಗುವುದಿಲ್ಲ. ಮೊನ್ನೆ ಚೊಂಬು ಅಲ್ಲೇ ಇಟ್ಟು ಮೆಲ್ಲಗೆ ಗೇಟಿನ ಕಡೆ ಜಾರುತ್ತಿದ್ದೆ. ಹಿಂದಿನಿಂದ "ಪೀ...!"

ಚೊಂಬು ಹಿಡಿದ ಅತ್ತೆ ಗೇಟಿಗೇ ಬಂದು ನಿಂತರು. ನಾನು ಅಲ್ಲೇ ಗಟಗಟ ಕುಡಿಯಬೇಕಾಯಿತು. ಅಷ್ಟರಲ್ಲಿ ಎದುರುಮನೆ ಆಂಟಿ ಬಕೆಟ್ ಎತ್ತಿಕೊಂಡು ಓಡಿಬಂದು, "ಕಸದ ಗಾಡಿ ಬಂತೇನ್ರೀ?" ಅಂದರು.

"ಕಸ ಅಲ್ಲ ಕಣ್ರೀ," ಅಂದರು ಅತ್ತೆ, ವಿಷಲ್ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾ. "ನನ್ನ ಕಿಡ್ನಿಗೆ ನೀರು ಹಾಕ್ತಾ ಇದೀನಿ."