ಎರಡನೆಯ ಎಡಗಿವಿ

ಎಲ್ಲ ಅನಾಹುತಕ್ಕೂ ಮೂಲ ಬೆಳಗ್ಗೆ ಬಂದ ಒಂದೇ ಒಂದು ಮೆಸೇಜು. ‘ಟೈಲರ್ ಮಧ್ಯಾಹ್ನ ಬರ್ತಾರೆ, ಬಲಗಿವಿ ರೆಡಿ ಇರಲಿ’ ಎಂದು ದೊಡ್ಡ ಮೇಡಂ ಕಳಿಸಿದ್ದರು. ಕಿವಿಯಣ್ಣ ಅದನ್ನು ಓದಿ, ಶಿಳ್ಳೆ ಹಾಕುತ್ತ, ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆ ತೆರೆದು ಗಾಜಿನ ಬಟ್ಟಲನ್ನು ಹೊರಗೆ ತೆಗೆದ. ಬಟ್ಟಲಿನಲ್ಲಿ ಮುದ್ದಾದ ಕಿವಿಯೊಂದಿತ್ತು. ಆದರೆ ಅದು ಎಡಗಿವಿ.

ಶಿಳ್ಳೆ ಅರ್ಧಕ್ಕೇ ನಿಂತಿತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದರೂ, ಮಾಡುವ ಕೆಲಸದ ದೆಸೆಯಿಂದ ಅವನು ಎಲ್ಲರಿಗೂ ಕಿವಿಯಣ್ಣ. ನಾವು ನೀವು ಅಕ್ಷರ ಪ್ರಿಂಟ್ ಮಾಡಿದರೆ ಅವನು ಕಿವಿ ಪ್ರಿಂಟ್ ಮಾಡುತ್ತಾನೆ. ಶಾಯಿಯ ಬದಲು ಹೈಡ್ರೋಜೆಲ್ ಎಂಬ, ಮೈತುಂಬ ನೀರು ತುಂಬಿಕೊಂಡ ಲೋಳೆ. ಅದರೊಳಗೆ ರೋಗಿಯದೇ ಜೀವಕೋಶಗಳು. ಯಂತ್ರದ ಸೂಜಿ ಎಳೆಯ ಮೇಲೆ ಎಳೆ ಇಡುತ್ತ ಹೋದರೆ ಕಿವಿಯ ಆಕಾರ ಬರುತ್ತದೆ. ಆಮೇಲೆ ಮೂರು ವಾರ ದಿನವೂ ಅದಕ್ಕೆ ಪೋಷಕ ದ್ರವ ಉಣಿಸಬೇಕು. ಆಗ ಲೋಳೆಯೊಳಗೆ ಮೃದ್ವಸ್ಥಿ ಎಂಬ ಮೆತ್ತನೆಯ ಮೂಳೆ ಬೆಳೆದು ಕಿವಿ ಗಟ್ಟಿಯಾಗುತ್ತದೆ.

ಈ ಕಿವಿಗೆ ಮೂರು ವಾರ ತುಂಬಿತ್ತು. ಭಾನುವಾರಗಳಲ್ಲೂ ಬಂದು, ಹೆಂಡತಿಯಿಂದ ಬೈಸಿಕೊಂಡು, ಕಿವಿಯಣ್ಣ ಅದನ್ನು ಸಾಕಿದ್ದ. “ಟೈಲರ್ ನೋಡಿ ಒಪ್ಪಿದ್ರೆ ನೀವು ನಾಳೆಯಿಂದ ರಜೆ ತಗೊಳ್ಳಿ” ಎಂದು ದೊಡ್ಡ ಮೇಡಂ ಮಾತು ಕೊಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ರಜೆ. ಸಮುದ್ರ ನೋಡಲು ಟಿಕೆಟ್ ಆಗಿತ್ತು. ಮನೆಯ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು.

ಈಗ ಸಮುದ್ರಕ್ಕೂ ಅವನಿಗೂ ನಡುವೆ ಒಂದು ತಪ್ಪು ಕಿವಿ!

ಬಟ್ಟೆ ಹೊಲಿಯುವ ಆ ಟೈಲರ್‌ಗೆ ಅಪಘಾತದಲ್ಲಿ ಒಂದು ಕಿವಿ ಹೋಗಿತ್ತು. ಉಳಿದ ಕಿವಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮಗುಚಿದರೆ ಹೋದ ಕಿವಿಯ ಅಚ್ಚು ಸಿಗುತ್ತದೆ. ಸ್ಕ್ಯಾನ್ ಮಾಡಿದವರು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ಸಲಹೆ ಮಾಮ; ಸಲಹೆ ಕೊಡುವುದು ಬಿಟ್ಟು ಬೇರೇನೂ ಅವರ ನೆನಪಿನಲ್ಲಿ ಉಳಿಯುವುದಿಲ್ಲ. ಮಗುಚಿದವನು ಕಿವಿಯಣ್ಣ.

“ಮಾಮ, ಸ್ಕ್ಯಾನ್ ಕಳಿಸೋವಾಗ ನೀವೇನಾದ್ರೂ ಮೊದಲೇ ಮಗುಚಿದ್ರಾ?”

“ಮಗುಚಿರ್ಬೇಕಪ್ಪ. ನಿನಗೆ ಕಷ್ಟ ಆಗಬಾರದು ಅಂತ ನಾನು ಏನಾದ್ರೂ ಒಂದು ಮಾಡ್ತಾನೇ ಇರ್ತೀನಲ್ಲ. ಯಾಕೆ?”

ಕಿವಿಯಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತ. ಇವರೊಮ್ಮೆ ಮಗುಚಿ, ತಾನೊಮ್ಮೆ ಮಗುಚಿ, ಕಿವಿ ಹೊರಟಲ್ಲಿಗೇ ವಾಪಸು ಬಂದಿದೆ! “ಯಾರಿಗೂ ಹೇಳ್ಬೇಡಿ” ಎಂದು ಕೈಮುಗಿದು ಮಾಮನಿಗೆ ವಿಷಯ ತಿಳಿಸಿದ. ಅವನು ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಲೆಕ್ಕಪತ್ರದ ಮೇಡಂ ಮತ್ತು ಬಾಗಿಲ ಕಾವಲಿನವನು ಅವನ ಮೇಜಿನ ಸುತ್ತ ನಿಂತಿದ್ದರು.

“ತಲೆಕೆಳಗು ಮಾಡಿ ಇಟ್ಬಿಡಿ ಸಾರ್, ಬಲಗಿವಿ ಆಗತ್ತೆ” ಎಂದ ಕಾವಲಿನವನು.

“ಆಗ ಓಲೆ ಹಾಕೋ ಜಾಗ ಆಕಾಶ ನೋಡ್ತಿರತ್ತೆ ಕಣಯ್ಯ!”

“ಅಯ್ಯೋ, ಹಿಂದೆ ಒಂದು ಕನ್ನಡಿ ನಿಲ್ಸಿ. ಕನ್ನಡೀಲಿ ಬಲಗಿವಿ ಕಾಣತ್ತೆ” ಎಂದರು ಲೆಕ್ಕಪತ್ರದ ಮೇಡಂ, ತಮ್ಮ ಚೀಲಕ್ಕೆ ಕೈ ಹಾಕುತ್ತ.

“ತಲೆಗೆ ಕೂರಿಸೋವಾಗ ಕನ್ನಡೀನೂ ಸೇರಿಸಿ ಹೊಲಿಯೋದಾ ಮೇಡಂ?”

ಫೋನು ಬಡಿದುಕೊಂಡಿತು. ಹೆಂಡತಿ. “ರೀ, ನಿಮ್ಮ ಅಂಗಿ ಎಷ್ಟು ಇಡೋಣ?”

“ಒಂದೂ ಇಡಬೇಡ” ಎನ್ನಲು ಬಾಯಿ ತೆರೆದವನು, “ಎಲ್ಲಾ ಇಡು” ಎಂದು ಫೋನಿಟ್ಟ.

ಇದ್ದದ್ದು ಒಂದೇ ದಾರಿ, ಇನ್ನೊಂದು ಕಿವಿ ಪ್ರಿಂಟ್ ಮಾಡುವುದು. ಟೈಲರ್‌ನ ಜೀವಕೋಶಗಳು ಇನ್ನೂ ಉಳಿದಿದ್ದವು, ಅದೇ ಪುಣ್ಯ. ಬಟ್ಟಲಿನ ಆಚೆಯಿಂದ ನೋಡುವವರಿಗೆ ಕಿವಿಯ ವಯಸ್ಸು ಎಲ್ಲಿ ಗೊತ್ತಾಗುತ್ತದೆ? ರಜೆಯಲ್ಲಿ ಮಾಮ ಉಣಿಸಿದರಾಯಿತು.

“ಹಳೇದು ಇಲ್ಲಿರಬಾರದು. ದೊಡ್ಡ ಮೇಡಂ ಎರಡು ಕಿವಿ ನೋಡಿದ್ರೆ ನಿನ್ನ ಕಿವಿ ಹಿಂಡ್ತಾರೆ” ಎಂದರು ಮಾಮ. ಕಿವಿಯಣ್ಣ ಕಣ್ಣು ಮುಚ್ಚಿಕೊಂಡು, ಮೂರು ವಾರ ಸಾಕಿದ ಕಿವಿಯನ್ನು ಬ್ಲೀಚಿನ ಡಬ್ಬಿಗೆ ಹಾಕಿದ.

ಕಂಪ್ಯೂಟರಿನಲ್ಲಿ ‘ಮಗುಚು’ ಎಂಬಲ್ಲಿದ್ದ ಗುರುತು ತೆಗೆದು, ಲೋಳೆ ಕಲಸಲು ಒಳಗೆ ಹೋದ. ಮೊದಲ ಸಲ ಸೂಜಿ ಕಟ್ಟಿಕೊಂಡಿತು. ಮಾಮ ಬಂದು ಏಸಿ ಕಡಿಮೆ ಮಾಡಿದರು. ಲೋಳೆ ನೀರಾಗಿ ತೊಟ್ಟಿಕ್ಕಿತು. ಲೆಕ್ಕಪತ್ರದ ಮೇಡಂ ಬಂದು ಏಸಿ ಜಾಸ್ತಿ ಮಾಡಿದರು. ಲೋಳೆ ಅಲ್ಲಾಡದೆ ಕೂತಿತು. ಕಿವಿಯಣ್ಣ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ಯಂತ್ರ ಮಾತು ಕೇಳಿತು.

ಇಂಥ ಕಿವಿಯನ್ನು ಮಸುಕು ಜೆಲ್ಲಿಯ ತೊಟ್ಟಿಯೊಳಗೆ ಪ್ರಿಂಟ್ ಮಾಡುತ್ತಾರೆ, ಇಲ್ಲದಿದ್ದರೆ ಎಳೆಗಳು ಕುಸಿದುಬೀಳುತ್ತವೆ. ಮುಗಿದ ಮೇಲೆ ತೊಟ್ಟಿಯನ್ನು ಬೆಚ್ಚಗೆ ಮಾಡಿದರೆ ಜೆಲ್ಲಿ ಕರಗಿ ಕಿವಿ ಕಾಣುತ್ತದೆ. ಹೊರಗೆ ಕಾರು ನಿಂತ ಸದ್ದಾಗುವ ಹೊತ್ತಿಗೆ ಜೆಲ್ಲಿ ಕರಗಿತು, ಕಿವಿ ಕಂಡಿತು.

ಎಡಗಿವಿ.

“ಮಾಮಾ!”

“ಏನಪ್ಪ? ಓ, ನೀನು ಒಳಗೆ ಹೋದಾಗ ನೋಡಿದೆ, ‘ಮಗುಚು’ ಗುರುತು ಹಾಕೋದೇ ಮರೆತಿದ್ದೆ. ನಾನೇ ಹಾಕಿದೆ. ಇರಲಿ ಬಿಡು, ಥ್ಯಾಂಕ್ಸ್ ಎಲ್ಲಾ ಬೇಡ.”

ಕಿವಿಯಣ್ಣನಿಗೆ ಅಳು ಬಂತು. ಬಾಗಿಲು ತೆರೆಯಿತು. ದೊಡ್ಡ ಮೇಡಂ ಮುಂದೆ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಟೈಲರ್ ಹಿಂದೆ. ಟೈಲರ್‌ನ ಕನ್ನಡಕ ಒಂದು ಕಡೆ ಕಿವಿಯ ಮೇಲೆ ನಿಂತಿತ್ತು. ಇನ್ನೊಂದು ಕಡೆ ಕಿವಿಯಿಲ್ಲದೆ, ತಲೆ ಸುತ್ತಿದ ದಾರಕ್ಕೆ ಜೋತುಬಿದ್ದಿತ್ತು.

ಕಿವಿ ಇಲ್ಲದ್ದು ಟೈಲರ್‌ನ ಎಡಗಡೆ.

ಕಿವಿಯಣ್ಣ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎಡಗಡೆಯೇ! ಆಗಷ್ಟೇ ಟೈಲರ್‌ನ ಕಡೆ ತಿರುಗಿ ನೋಡಿದ ದೊಡ್ಡ ಮೇಡಂ ಅವನಿಗಿಂತ ಹೆಚ್ಚು ಗಾಬರಿಯಾದರು. “ಏನ್ರೀ ಇದು, ನೀವು ಕಳಿಸಿದ ಫೋಟೋದಲ್ಲಿ ಬಲಗಿವಿ ಇರಲಿಲ್ವಲ್ಲ!”

“ಅದಾ? ಅಂಗಡಿ ಕನ್ನಡಿ ಮುಂದೆ ನಿಂತು, ಕನ್ನಡೀಲಿ ಕಂಡಿದ್ದನ್ನ ಹೊಡೆದಿದ್ದು ಮೇಡಂ.”

“ಅಯ್ಯೋ ದೇವರೇ. ಬೆಳಗ್ಗೆ ಬಲಗಿವಿ ಅಂದ್ಬಿಟ್ಟೆನಲ್ಲ, ಈಗೇನ್ ಮಾಡೋದು?”

ಕಿವಿಯಣ್ಣ ಹೊಸ ಕಿವಿಯನ್ನು ಗಾಜಿನ ಬಟ್ಟಲಿಗೆ ಇಳಿಸಿ ಮುಂದೆ ಚಾಚಿದ. ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಮಾಮನನ್ನು ಅಪ್ಪಿಕೊಳ್ಳಬೇಕೆನಿಸಿತು, ತಡೆದುಕೊಂಡ. ಟೈಲರ್ ಗಾಜಿನ ಮೇಲಿಂದಲೇ ಟೇಪು ಹಿಡಿದು, ತನ್ನ ಇರುವ ಕಿವಿಯನ್ನೂ ಅಳೆದುಕೊಂಡು, ಮುಖ ಅರಳಿಸಿದ. “ಅಳತೆ ಕರೆಕ್ಟಾಗಿದೆ ಸಾರ್. ಟ್ರಯಲ್ ಯಾವಾಗ?”

ದೊಡ್ಡ ಮೇಡಂ ಬಗ್ಗಿ ನೋಡಿದರು. “ಇದೇನು, ಇನ್ನೂ ಪಿಚಪಿಚ ಅಂತಿದೆ? ಈಗ ತಾನೇ ಹುಟ್ಟಿದ ಹಾಗಿದೆ! ಮೂರು ವಾರದ್ದು ಎಲ್ಲಿ?”

ಎಲ್ಲರ ಕಣ್ಣೂ ಬ್ಲೀಚಿನ ಡಬ್ಬಿಯ ಕಡೆ ಹೋಯಿತು. ಮಾಮ ಸ್ಕ್ಯಾನನ್ನು ಮಗುಚಿಯೇ ಇರಲಿಲ್ಲ, ಅಲ್ಲಿದ್ದ ಎಡಗಿವಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು ಎಂಬುದು ಕಿವಿಯಣ್ಣನಿಗೆ ಆಗ ಹೊಳೆಯಿತು.

“ಪರವಾಗಿಲ್ಲ ಮೇಡಂ” ಎಂದ ಟೈಲರ್. “ಮೂರು ವಾರ ಬಿಟ್ಟು ಬನ್ನಿ ಅಂತ ನಾನೂ ಗಿರಾಕಿಗಳಿಗೆ ಹೇಳಿ ಹೇಳಿ ಅಭ್ಯಾಸ ಇದೆ.”

ಅವನನ್ನು ಕಳಿಸಿಕೊಟ್ಟು, ಕಿವಿಯಣ್ಣನಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದು, ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟರು. “ಸದ್ಯ, ಮಾನ ಉಳೀತು. ಆದರೆ ಇದಕ್ಕೆ ದಿನಾ ಉಣಿಸೋರು ಬೇಕಲ್ಲ. ಮಾಮನ ಕೈಗೆ ಕೊಟ್ಟರೆ ಮತ್ತೆ ಮಗುಚಿಬಿಡ್ತಾರೆ.” ಅವರು ಕಿವಿಯಣ್ಣನ ಮುಖ ನೋಡಿದರು. ರಜೆ ಎಂಬ ಮಾತು ಅಲ್ಲಿಗೆ ಮುಗಿಯಿತು.

ಹೆದರುತ್ತಲೇ ಮನೆಗೆ ಫೋನು ಮಾಡಿದ. ಹೆಂಡತಿ ಎಲ್ಲ ಕೇಳಿ, “ಸದ್ಯ!” ಎಂದಳು. “ನೀವು ಬರಲ್ವಾ? ಹಾಗಾದ್ರೆ ನಮ್ಮಕ್ಕ ಬರ್ತಾಳೆ. ಪಾಪ, ಬೆಳಗ್ಗೆಯಿಂದ ಗೋಗರೀತಿದ್ಲು. ನಿಮ್ಮ ಅಂಗಿ ಎಲ್ಲಾ ತೆಗೆದಿಡ್ತೀನಿ.”

ಎಲ್ಲರೂ ಹಗುರಾಗಿ ಮನೆಗೆ ಹೋದರು. ಕಿವಿಯಣ್ಣ ಹೊಸ ಕಿವಿಗೆ ಮೊದಲ ತುತ್ತು ಉಣಿಸಿ, ಬಟ್ಟಲಿನ ಹತ್ತಿರ ಬಗ್ಗಿ, ಬೆಳಗ್ಗೆಯಿಂದ ನಡೆದದ್ದನ್ನೆಲ್ಲ ಅದಕ್ಕೆ ಒಂದೂ ಬಿಡದೆ ಹೇಳಿದ. ಅದು ಒಂದೇ ಒಂದು ಸಲಹೆಯನ್ನೂ ಕೊಡದೆ ಕೇಳಿಸಿಕೊಂಡಿತು. ಅವನಿಗೂ ಎಷ್ಟೋ ಸಮಾಧಾನವಾಯಿತು.