ವೀರಭದ್ರಾಚಾರ್ರ ದಂತಸಾರಥಿ

“ಎಲ್ಲಾರೂ ಒಂದು ಮಾರು ಹಿಂದಕ್ಕೆ ಸರೀರಿ!” ಎಂದರು ವೀರಭದ್ರಾಚಾರ್ರು.

ಎಲ್ಲರೂ ಎಂದರೆ ಅಲ್ಲಿ ಇದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ ದಾಕ್ಷಾಯಿಣಮ್ಮ, ಇನ್ನೊಬ್ಬರು ಹಲ್ಲಿನ ಡಾಕ್ಟರು ನಾಜಿಯಾ. ಡಾಕ್ಟರ ಕ್ಲಿನಿಕ್ಕೋ ಬೆಂಕಿಪೊಟ್ಟಣದಷ್ಟು; ಒಂದು ಮಾರು ಸರಿದರೆ ನೇರ ಚನ್ನಪಟ್ಟಣದ ರಸ್ತೆಗೇ ಇಳಿಯಬೇಕು. ಇಬ್ಬರೂ ಅರ್ಧ ಹೆಜ್ಜೆ ಸರಿದು ಗೋಡೆಗೆ ಅಂಟಿಕೊಂಡರು.

ಆಚಾರ್ರ ಕೈಯಲ್ಲಿ ಗೇಣುದ್ದದ ಸಾಧನವೊಂದು ಗುಂಯ್‌ಗುಡುತ್ತಿತ್ತು. ತುದಿಯಲ್ಲಿ ಪುಟ್ಟ ಕೊಕ್ಕೆ, ಪಕ್ಕದಲ್ಲಿ ಗಿರ್ರನೆ ತಿರುಗುವ ರಬ್ಬರಿನ ಬೆರಳು, ನಡುವೆ ಸಾಸಿವೆಯಷ್ಟು ಕ್ಯಾಮೆರಾ. ಮರದ ಹಿಡಿಗೆ ಮಾತ್ರ ಕೆಂಪು, ಹಸಿರು, ಹಳದಿ, ಕಪ್ಪು ಅರಗಿನ ಪಟ್ಟೆ! ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ಕೂತು ಬೊಂಬೆ ಮಾಡಿದ ಮನುಷ್ಯ, ಬರೀ ಮರ ಕಂಡರೆ ಬಣ್ಣದ ಅರಗು ಹಚ್ಚದೆ ಬಿಡುವುದುಂಟೆ?

“ಇದರ ಹೆಸರು ದಂತಸಾರಥಿ! ಕವಚನ ಇದೇ ಕೂರಿಸ್ತದೆ, ಇದೇ ಬಿಚ್ತದೆ!”

ಕವಚ ಎಂದರೆ ಹಲ್ಲು ನೇರ ಮಾಡಲು ತೊಡುವ ಅಲೈನರು. ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಕವಚ. ಉಣ್ಣುವಾಗ ಬಿಚ್ಚಬೇಕು, ಉಂಡ ಮೇಲೆ ಒಂದಿಷ್ಟೂ ಸಡಿಲವಿಲ್ಲದಂತೆ ಒತ್ತಿ ಕೂರಿಸಬೇಕು. ಅದೇ ಆಗಿತ್ತು ಕಷ್ಟ. ಮೂವತ್ತೈದು ವರ್ಷ ಗಂಡನ ಬೊಂಬೆಗಳಿಗೆಲ್ಲ ಕಣ್ಣು ಬರೆದವರು ದಾಕ್ಷಾಯಿಣಮ್ಮ. ಅವರು ಬರೆದ ಎಡಗಣ್ಣು ಬಲಗಣ್ಣಿಗಿಂತ ಎಳ್ಳಷ್ಟು ಮೇಲಿರುತ್ತಿತ್ತು. ಹಾಗಾಗಿ ಬೊಂಬೆ ಏನೋ ಚೇಷ್ಟೆಗೆ ಹೊರಟಂತೆ ಕಾಣುತ್ತಿತ್ತು. ನಾಲ್ಕು ವರ್ಷದ ಹಿಂದೆ ಬೆರಳುಗಳು ಸೆಟೆದುಕೊಂಡವು. ಕುಂಚವೂ ಹೋಯಿತು, ಈಗ ಈ ಕವಚವೂ ಕೈಗೆ ಬಗ್ಗದು.

ಐವತ್ತಾರನೆಯ ವಯಸ್ಸಿನಲ್ಲಿ ಹಲ್ಲು ನೇರ ಮಾಡಿಸುವ ಹಟ ಯಾಕೆ ಎಂದು ಬೀದಿಯಲ್ಲಿ ಎಲ್ಲರೂ ಕೇಳಿದವರೇ. ಕಾರಣವಿತ್ತು. ಮದುವೆಯ ದಿನ ಫೋಟೊದವನು, “ಹಲ್ಲು ಮುಂದಕ್ಕೆ ಕಾಣ್ತೈತೆ, ಸ್ವಲ್ಪ ಬಾಯಿ ಮುಚ್ಕೊಳಮ್ಮ” ಎಂದಿದ್ದ. ಅಂದಿನಿಂದ ಇಂದಿನವರೆಗೆ ದಾಕ್ಷಾಯಿಣಮ್ಮನ ಒಂದೊಂದು ಫೋಟೊದಲ್ಲೂ ಬಾಯಿಯ ಮೇಲೆ ಸೆರಗು. ಈಗ ಗಂಡನ ಷಷ್ಟ್ಯಬ್ದಿ ಬರುತ್ತಿತ್ತು. ಆ ಫೋಟೊದಲ್ಲಿ ಬಾಯಿ ತುಂಬ ನಗಬೇಕು! ಒಂದೇ ಒಂದು ಫೋಟೊ!

ಆಚಾರ್ರು ಪ್ಲಾಸ್ಟರಿನ ಹಲ್ಲಿನ ಅಚ್ಚಿಗೆ ಕವಚವಿಟ್ಟು ಸಾರಥಿಯನ್ನು ತಾಗಿಸಿದರು. ಟಕ್! ಕವಚ ಕೂತಿತು. ಇನ್ನೊಂದು ಟಕ್! ಕಳಚಿತು.

“ಅಬ್ಬಾ!” ಎಂದರು ಡಾಕ್ಟರು. “ಇದಕ್ಕೆ ಕೆಲಸ ಹೇಗೆ ಕಲಿಸಿದ್ರಿ ಆಚಾರ್ರೇ?”

“ನಾಲ್ಕು ಸಾವಿರ ಸಲ ತೋರಿಸಿದ್ರೆ ಎಂಥದ್ದನ್ನಾದ್ರೂ ಕಲಿಯೋ ಚಿಪ್ಪು ಹಾಕಿವ್ನಿ ಡಾಕ್ಟ್ರೇ!”

“ನಾಲ್ಕು ಸಾವಿರ ಹಲ್ಲು ಎಲ್ಲಿ ಸಿಕ್ತು?”

“ಹಲ್ಲು ಯಾರು ಕೊಡ್ತಾರೆ? ನಮ್ಮ ಬೊಂಬೆನೇ ತೋರಿಸ್ದೆ, ಲೇತಿಗೆ ಸಿಕ್ಕಿಸೋದರಿಂದ ಹಿಡಿದು ಇವಳು ಹಿಂದೆ ಬರೆದಿಟ್ಟ ಕಣ್ಣಿನ ಗಂಟ. ಅವೂ ಸಾಲಾಗೇ ತಾನೆ ನಿಲ್ಲೋದು!”

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಆದರೆ ದಾಕ್ಷಾಯಿಣಮ್ಮ ಅಷ್ಟರಲ್ಲಿ ಸಾರಥಿಯನ್ನು ಚೀಲಕ್ಕೆ ಹಾಕಿಕೊಂಡಾಗಿತ್ತು.

ನಿಜ ಹೇಳಬೇಕೆಂದರೆ, ಮೂರು ತಿಂಗಳು ಸಾರಥಿ ಚಿನ್ನದಂಥ ಕೆಲಸ ಮಾಡಿತು. ಕವಚದ ಮೇಲೆ ಕವಚ ಬದಲಾಯಿತು, ಹಲ್ಲುಗಳು ಮಾತು ಕೇಳತೊಡಗಿದವು. ಒಂದು ಶುಕ್ರವಾರ ಮಾತ್ರ ದಾಕ್ಷಾಯಿಣಮ್ಮ ಅದನ್ನು ಆರಿಸಲು ಮರೆತು ಪೂಜೆಯ ತಟ್ಟೆಯ ಹತ್ತಿರ ಇಟ್ಟು, ಹೂವು ತರಲು ಹೋದರು. ಬಂದು ನೋಡುತ್ತಾರೆ, ಸಾರಥಿ ನಡುಗುತ್ತ ನಡುಗುತ್ತ ತಟ್ಟೆಗೇ ತೆವಳಿದೆ! ಸಾಲಾಗಿಟ್ಟಿದ್ದ ಒಂಬತ್ತು ನಿಂಬೆಹಣ್ಣು ಕೆಂಪಗೆ ಮಿರಮಿರ ಮಿಂಚುತ್ತಿವೆ!

“ರೀ! ನಿಮ್ಮ ಸಾರಥಿ ನಿಂಬೆಹಣ್ಣಿಗೆ ಅರಗು ಬಳಿದೈತೆ!”

ಆಚಾರ್ರು ಒಂದು ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಆಹಾ! ಇಷ್ಟು ನಯ ನನ್ನ ಕೈಲೂ ಬರಕ್ಕಿಲ್ಲ ಕಣೇ!”

“ಚಿತ್ರಾನ್ನಕ್ಕೆ ಏನು ಹಿಂಡ್ಲಿ? ನಿಮ್ಮ ತಲೆನಾ?”

“ದಾರ ಕಟ್ಟಿ ಬಾಗಿಲಿಗೆ ನೇತಾಕು. ವರ್ಷ ಆದ್ರೂ ಕೊಳೆಯಕ್ಕಿಲ್ಲ!”

ಹಿಡಿಯ ಮೇಲಿದ್ದ ಕೆಂಪು ಪಟ್ಟೆ ಮಾಯವಾದದ್ದು ದಾಕ್ಷಾಯಿಣಮ್ಮನ ಕಣ್ಣಿಗೆ ಬಿತ್ತು. ಕೈಬೆವರಿಗೆ ಸವೆದಿರಬೇಕು ಎಂದು ಆಚಾರ್ರು ತೇಲಿಸಿಬಿಟ್ಟರು.

ಅಲ್ಲಿಗಾದರೂ ಸುಮ್ಮನಿರಬೇಕೋ ಬೇಡವೋ? ಪಕ್ಕದ ಮನೆಯ ಮುದ್ದಯ್ಯ ತಾತನ ಕಟ್ಟುಹಲ್ಲು ಸಡಿಲವಾಗಿದೆ ಎಂದು ತಿಳಿದು ಆಚಾರ್ರು ತಾವೇ ಹೋಗಿ ಇಸಿದುಕೊಂಡು ಬಂದರು. ಸಾರಥಿ ಅರ್ಧ ಗಂಟೆ ದುಡಿಯಿತು. ತಾತ ಕನ್ನಡಕ ಹಾಕದೆ ಹಲ್ಲು ತೊಟ್ಟುಕೊಂಡು ಯಾರದೋ ನಿಶ್ಚಿತಾರ್ಥದ ಊಟಕ್ಕೆ ಹೋದರು. ಸಂಜೆ ಬಂದವರೇ ಅಂಗಳದಲ್ಲಿ ನಿಂತು ಕೂಗಿದರು, “ಲೋ ವೀರಭದ್ರಾ! ಏನ್ಲಾ ಮಾಡಿದ್ದೀಯ ನನ್ನ ಹಲ್ಲಿಗೆ!”

ಅಷ್ಟೂ ಹಲ್ಲು ಗಿಣಿಹಸಿರು!

“ಆದ್ರೂ ಗಟ್ಟಿಯಾಗಿ ಕೂತವೋ ಇಲ್ಲವೋ ತಾತ?” ಎಂದರು ಆಚಾರ್ರು.

“ಕೂತವೆ... ಹುಡುಗರೆಲ್ಲ ಸಾಲು ನಿಂತು ನನ್ನ ಬಾಯಿ ನೋಡಿದ್ವು,” ಎಂದು ತಾತ ಸ್ವಲ್ಪ ಮೆತ್ತಗಾದರು.

ದಾಕ್ಷಾಯಿಣಮ್ಮ ಮೆತ್ತಗಾಗಲಿಲ್ಲ. ಈಗ ಹಸಿರು ಪಟ್ಟೆಯೂ ಇರಲಿಲ್ಲ. “ರೀ, ಮೋಟಾರಿನ ಬಿಸಿಗೆ ಹಿಡಿಯ ಅರಗು ಕರಗಿ ಆ ಬೆರಳಿಗೆ ಇಳೀತೈತೆ! ಉಳಿದಿದ್ದನ್ನ ಇವತ್ತೇ ಕೆರೆದು ಹಾಕಿ!”

“ಹಳದಿಗೂ ಕಪ್ಪಿಗೂ ಎಂಥಾ ಜೋಡಿ! ಅದನ್ನ ಕೆರೆಯೋದಾ? ನೀನೊಬ್ಳು! ಹಲ್ಲು ಬೇರೆ, ಬೊಂಬೆ ಬೇರೆ ಅಂತ ಸಾರಥಿಗೆ ನಾನು ಬುದ್ಧಿ ಹೇಳ್ತೀನಿ ಬುಡು.”

ಬುದ್ಧಿ ಹೇಳಿದರು ಕೂಡ. ಮೂರು ದಿನ ಪ್ಲಾಸ್ಟರಿನ ಅಚ್ಚು ತೋರಿಸಿ ಪಾಠ ಮಾಡಿದರು. ದಾಕ್ಷಾಯಿಣಮ್ಮನಿಗೆ ಬೇರೆ ದಾರಿಯೂ ಇರಲಿಲ್ಲ. ಉಳಿದದ್ದು ಕೊನೆಯ ಕವಚ, ಹನ್ನೊಂದು ದಿನ. ಆ ಹನ್ನೊಂದು ದಿನ ಸಾರಥಿ ಮುಖ ಒರೆಸಿದ ಮಗುವಿನಂತೆ ಸಭ್ಯವಾಗಿತ್ತು.

ಷಷ್ಟ್ಯಬ್ದಿಯ ದಿನ ಹೋಮ ಮುಗಿಯಿತು. ಫೋಟೊದ ಶಿವಲಿಂಗು ಕ್ಯಾಮೆರಾ ನಿಲ್ಲಿಸಿಕೊಂಡು ಅವಸರ ಮಾಡಿದ. “ಬೇಗ ಅಮ್ಮಾ! ಎರಡು ಗಂಟೆಗೆ ನಂಗೆ ಇನ್ನೊಂದು ಮನೆ ಐತೆ!”

“ಕವಚ ಇದ್ರೂ ಕಾಣಲ್ಲ ಅಮ್ಮ, ಹಾಗೇ ನಗಿ,” ಎಂದರು ನಾಜಿಯಾ ಡಾಕ್ಟರು.

“ಇಷ್ಟು ವರ್ಷ ಕಾದದ್ದು ಪ್ಲಾಸ್ಟಿಕ್ ತೋರಿಸಕ್ಕಲ್ಲ ತಾಯಿ,” ಎಂದರು ದಾಕ್ಷಾಯಿಣಮ್ಮ.

ಡಾಕ್ಟರು ತಾವೇ ಬೆರಳು ಹಾಕಿ ಎಳೆದರು. ಕವಚ ಮಿಸುಕಲಿಲ್ಲ. ಸಾರಥಿ ಅಷ್ಟು ಗಟ್ಟಿಯಾಗಿ ಕೂರಿಸಿತ್ತು.

“ಇಕ್ಕಳ ಹಾಕಿದ್ರೆ ಹಲ್ಲೂ ಜೊತೆಗೆ ಬರುತ್ತೆ!”

“ಕೊಡಿ ಇಲ್ಲಿ ಸಾರಥೀನ. ಕೂರಿಸಿದ್ದು ಅದೇ, ಅದೇ ಬಿಚ್ಚಲಿ!” ಎಂದರು ದಾಕ್ಷಾಯಿಣಮ್ಮ.

ಟಕ್! ಕವಚ ಕಳಚಿತು. ಮೇಲಿನ ಹಲ್ಲುಗಳು ಎಳೆದ ಗೆರೆಯಂತೆ ನೇರ ನಿಂತಿದ್ದವು. ಹೆಂಗಸರೆಲ್ಲ “ಅಯ್ಯೋ, ಎಷ್ಟು ಚೆಂದ!” ಎಂದರು. ಸಾರಥಿಯ ಕ್ಯಾಮೆರಾಕ್ಕೂ ಆ ಸಾಲು ಪೂರ್ತಿ ನೇರವಾಗಿ ಕಂಡದ್ದು ಅದೇ ಮೊದಲು. ಅದು ಕಲಿತ ಪಾಠದಲ್ಲಿ ನೇರವಾಯಿತೆಂದರೆ ಮರದ ಕೆಲಸ ಮುಗಿಯಿತು, ಇನ್ನು ಬಣ್ಣ!

ಗುಂಯ್ಯ್ಯ್!

“ಆರಿಸ್ರೀ!” ಎಂದು ಡಾಕ್ಟರು ಕಿರುಚಿದರು. ಆಚಾರ್ರು ಗುಂಡಿ ಒತ್ತಿದರು. ಗುಂಡಿ ಕಿತ್ತು ಕೈಗೇ ಬಂತು! ಬಾಯೊಳಗೆ ಕಾಫಿಯಷ್ಟು ಬಿಸಿ, ಒಂದಿಷ್ಟು ಕಚಗುಳಿ. ದಾಕ್ಷಾಯಿಣಮ್ಮ ಕಣ್ಣು ಪಿಳಿಪಿಳಿ ಬಿಡುವಷ್ಟರಲ್ಲಿ ಸಾರಥಿ ತಾನಾಗಿ ನಿಂತಿತು. ಹಿಡಿ ಈಗ ಬರೀ ಮರ.

ಯಾರೋ ಕನ್ನಡಿ ತಂದುಕೊಟ್ಟರು.

ಹತ್ತು ಹಲ್ಲು ಅರಿಸಿನದಂಥ ಹಳದಿ. ಒಂದೊಂದು ಹಲ್ಲಿನ ಮೇಲೂ ಎರಡೆರಡು ಕಪ್ಪು ಕಣ್ಣು!

“ತಪ್ಪಾಯ್ತು ಕಣೇ,” ಎಂದರು ಆಚಾರ್ರು.

“ಕೆರೆದು ತೆಗೀಬಹುದು ಅಮ್ಮ, ಆದ್ರೆ ಎರಡು ದಿನ ಬೇಕು,” ಎಂದರು ಡಾಕ್ಟರು. ಶಿವಲಿಂಗು ಗಡಿಯಾರ ನೋಡಿಕೊಂಡ. “ಸೆರಗು ಅಡ್ಡ ಇಟ್ಕೊಳಿ ಅಮ್ಮ, ಎಂದಿನ ಹಂಗೇ ತೆಗೆದುಬಿಡ್ತೀನಿ.”

ದಾಕ್ಷಾಯಿಣಮ್ಮನಿಗೆ ಅಳು ಉಕ್ಕಿ ಬಂತು. ಸೆರಗು ಬಾಯಿಯವರೆಗೂ ಹೋಯಿತು. ಕೊನೆಯ ಸಲ ಎಂದು ಕನ್ನಡಿಯನ್ನು ಹತ್ತಿರ ತಂದು ನೋಡಿದರು. ಹತ್ತಕ್ಕೆ ಹತ್ತೂ ಹಲ್ಲಿನಲ್ಲಿ ಎಡಗಣ್ಣು ಬಲಗಣ್ಣಿಗಿಂತ ಎಳ್ಳಷ್ಟು ಮೇಲೆ. ಅದು ಅವರದೇ ಗೀಟು. ನಾಲ್ಕು ವರ್ಷದಿಂದ ಅವರ ಬೆರಳಿಗೆ ಬಾರದಿದ್ದ ಗೀಟು, ಕೂದಲೆಳೆಯೂ ನಡುಗದೆ ಅಲ್ಲಿ ಕೂತಿತ್ತು. ಅವರಿಗೆ ಹೇಳಲಾರದಷ್ಟು ಸಂತೋಷವಾಯಿತು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಪಕ್ಕ ಹೋಗಿ ಕೂತರು.

“ತೆಗಿಯಪ್ಪ ಫೋಟೊ!”

“ಅಮ್ಮಾ, ಬಾಯಿ...”

“ಬಾಯಿ ಮುಚ್ಚು ಅಂದ್ರೆ ನೋಡು! ತೆಗಿ!”

ಹಾಗೆಂದು ನಕ್ಕರು. ಬಾಯಿ ತುಂಬ, ಮನೆ ತುಂಬ ನಕ್ಕರು.

ಆ ಫೋಟೊ ಈಗ ಅವರ ನಡುಮನೆಯ ಗೋಡೆಯ ಮೇಲಿದೆ. ದಾಕ್ಷಾಯಿಣಮ್ಮನ ಎರಡು, ಅವರ ಹಲ್ಲುಗಳ ಇಪ್ಪತ್ತು, ಒಟ್ಟು ಇಪ್ಪತ್ತೆರಡು ಕಣ್ಣು ನೆಟ್ಟಗೆ ಕ್ಯಾಮೆರಾ ನೋಡುತ್ತಿವೆ. ಮುಚ್ಚಿಕೊಂಡಿರುವುದು ಆಚಾರ್ರ ಎರಡು ಮಾತ್ರ.