ಬೆರಕೆಗೆ ಒಪ್ಪುವ ಊಟ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮನೆ ಮಾಲೀಕರ ಕಡೆಯಿಂದ ಒಂದು ಬಾಟಲಿ ಬಂತು. ಕುತ್ತಿಗೆಗೆ ಒಂದು ಚೀಟಿ ಕಟ್ಟಿತ್ತು: 'ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬರುತ್ತೇನೆ. ಈ ವೈನಿಗೆ ಒಪ್ಪುವಂಥದ್ದು ಮಾಡಿಸಿ. ಬಾಡಿಗೆ ಕರಾರಿನ ಮಾತು ಊಟದ ಮೇಲೆ.'

ಕರಾರು ಮುಗಿಯಲು ಇನ್ನೊಂದೇ ತಿಂಗಳಿತ್ತು. ಗಡಿಯಾರ ರಿಪೇರಿ ಮಾಡುವ ನಮ್ಮ ಆಸಾಮಿಗೆ ಈ ಮನೆ ಬಿಡುವುದೆಂದರೆ ಜೀವ ಬಿಟ್ಟಂತೆ. ಒಂಬತ್ತು ವರ್ಷದಿಂದ ಮುಂದಿನ ಕೋಣೆಯ ಕಿಟಕಿ ಬುಡದಲ್ಲೇ ಮೇಜು ಹಾಕಿಕೊಂಡು ಕೂತವನು. ಆ ಬೆಳಕಿನಲ್ಲಿ ಕೂದಲೆಳೆಯಂಥ ಸ್ಪ್ರಿಂಗೂ ಬರಿಗಣ್ಣಿಗೆ ಕಾಣುತ್ತಿತ್ತು.

ಬಾಟಲಿಯ ಮೇಲೆ 'ರೆಡ್ ಬ್ಲೆಂಡ್' ಎಂದಿತ್ತು.

"ಬ್ಲೆಂಡ್ ಅಂದ್ರೇನೇ?" ಎಂದು ಹೆಂಡತಿಯನ್ನು ಕೇಳಿದ.

"ಕೆಳಗಡೆ ಟೈಲರಣ್ಣನ್ನ ಕೇಳಿ. ಅವರಿಗೆ ಗೊತ್ತಿಲ್ಲದ ವಿಷಯ ಈ ಬೀದೀಲಿ ಎಲ್ಲಿದೆ?"

ಅವಳು ತಮಾಷೆಗೆ ಅಂದದ್ದು. ಇವನು ಹೋಗಿ ಕರೆದುಕೊಂಡೇ ಬಂದ.

ಟೈಲರ್ ಬಾಟಲಿಯನ್ನು ಬಟ್ಟೆ ನೋಡುವ ಹಾಗೆ ಬೆಳಕಿಗೆ ಹಿಡಿದ. "ಬ್ಲೆಂಡ್ ಅಂದ್ರೆ ಬೆರಕೆ ಕಣಯ್ಯ. ಹತ್ತಿಗೆ ಪಾಲಿಯೆಸ್ಟರ್ ಬೆರೆಸಲ್ವಾ, ಹಾಗೆ."

"ಅಂದ್ರೆ ಬೆರಕೆ ಮಾಲು ಕಳಿಸಿದಾರಾ?" ಹೆಂಡತಿ ಹುಬ್ಬೇರಿಸಿದಳು.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಟೀಚರಮ್ಮ ಯಾರೂ ಕರೆಯದೆ ಬಂದು ಕುರ್ಚಿ ಎಳೆದುಕೊಂಡರು. "ಬೆರಕೆ ಅನ್ನಬಾರದು, ಮಿಶ್ರಣ ಅನ್ನಬೇಕು. ಮೂರ್ನಾಲ್ಕು ಥರದ ದ್ರಾಕ್ಷಿ ಸೇರಿರುತ್ತೆ. ಒಂದು ಒಗರು ಕೊಡುತ್ತೆ, ಇನ್ನೊಂದು ಅದನ್ನ ಸಮಾಧಾನ ಮಾಡುತ್ತೆ."

"ಅದಕ್ಕೆ ಒಪ್ಪೋ ಊಟ ಯಾವುದು?" ಎಂದ ನಮ್ಮವನು.

"ಮಾಂಸ," ಎಂದ ಟೈಲರ್. "ಅಣಬೆ," ಎಂದರು ಟೀಚರಮ್ಮ. "ಮನೇಲಿ ಮೀನಿದೆ," ಎಂದಳು ಹೆಂಡತಿ.

ಮುಚ್ಚಿದ ಡಬ್ಬಿ ಕಂಡರೆ ತೆರೆದು ನೋಡದೆ ನಮ್ಮವನ ಕೈ ಸುಮ್ಮನಿರುತ್ತಿರಲಿಲ್ಲ. ಅವನ ಕಸುಬೂ ಅದೇ, ಚಟವೂ ಅದೇ. "ಒಂದೊಂದು ಗುಟುಕು ನೋಡೇ ಬಿಡೋಣ," ಎಂದು ಬಿರಡೆಗೆ ಉದ್ದನೆಯ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದ.

ಮೊದಲು ಹುರಿದ ಮೀನು. ಟೀಚರಮ್ಮ ಮುಖ ಕಿವುಚಿದರು. "ಬಾಯಲ್ಲಿ ಕಬ್ಬಿಣದ ಬೀಗದ ಕೈ ಇಟ್ಟ ಹಾಗಿದೆ." ನಿಜವೇ ಎಂದು ಮಿಕ್ಕವರೂ ನೋಡಬೇಕಾಯಿತು. ನಿಜವೇ ಆಗಿತ್ತು.

ಆಮೇಲೆ ಟೈಲರನ ಮನೆಯ ಒಲೆಯಿಂದ ಆಗತಾನೇ ಇಳಿದು ಬಂದ ಕುರಿಮಾಂಸದ ತುಂಡು. ನಾಲಿಗೆ ಹಿಡಿದುಕೊಳ್ಳುತ್ತಿದ್ದ ಒಗರು ಮಾಯವಾಗಿ ವೈನು ಹಿತವಾಗಿ ಇಳಿಯಿತು.

"ಒಗರು ಎಲ್ಲಿ ಹೋಯ್ತು?" ನಮ್ಮವನಿಗೆ ಆಶ್ಚರ್ಯ.

"ಇನ್ನೊಂದ್ಸಲ ನೋಡು, ಸಿಕ್ಕೀತು," ಎಂದ ಟೈಲರ್.

ಇನ್ನೊಂದು ಸಲ ನೋಡಿದರು. ಟೀಚರಮ್ಮ ಬೆಣ್ಣೆಯಲ್ಲಿ ಬಾಡಿಸಿ ತಂದ ಅಣಬೆಗೂ ಹಾಗೇ ಆಗುತ್ತದೆಯೇ? ಆಗುತ್ತಿತ್ತು. ಗಟ್ಟಿ ಚೀಸಿಗೆ? ಟೈಲರ್ ಓಡಿಹೋಗಿ ಮನೆಯಿಂದ ತಂದ. ಟೊಮೇಟೊ ಸಾಸಿನ ನೂಡಲ್ಸಿಗೆ? ಸಾಸಿನ ಹುಳಿಯೂ ವೈನಿನ ಹುಳಿಯೂ ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಒಂದೊಂದು ಪ್ರಶ್ನೆಗೂ ತಲೆಗೊಂದು ಗುಟುಕು.

ಹನ್ನೆರಡೂವರೆಗೆ ನೋಡಿದರೆ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು. ನಮ್ಮವನು ತಲೆಯ ಮೇಲೆ ಕೈ ಹೊತ್ತ. ಭಾನುವಾರ, ವೈನಂಗಡಿ ಮುಚ್ಚಿತ್ತು.

"ಹೆದರ್ತೀಯಾಕೆ? ಬೆರಕೆ ತಾನೇ?" ಎಂದ ಟೈಲರ್. "ಇನ್ನೊಂದಿಷ್ಟು ಬೆರೆಸಿದ್ರೆ ಯಾರಪ್ಪನಿಗೆ ಗೊತ್ತಾಗುತ್ತೆ?"

ಅವನ ಮನೆಯಲ್ಲಿದ್ದ ಅರ್ಧ ಬಾಟಲಿ ಯಾವುದೋ ಕೆಂಪು ವೈನು ಒಳಹೋಯಿತು. ಟೀಚರಮ್ಮನ ದ್ರಾಕ್ಷಿ ಜ್ಯೂಸು ಹೋಯಿತು. ಸಿಹಿಯಾಯಿತೆಂದು ಹೆಂಡತಿ ನಾಲ್ಕು ಚಮಚ ಕಡುಚಹಾ ಸುರಿದಳು.

"ಈಗ ಬೇಕಾದ್ರೆ ಬೆರಕೆ ಅನ್ನಬಹುದು," ಎಂದರು ಟೀಚರಮ್ಮ.

ಮಾಲೀಕರು ಒಂದಕ್ಕೆ ಸರಿಯಾಗಿ ಬಂದರು. ನೆರೆಯವರಿಬ್ಬರೂ ಏಳುವ ಸೂಚನೆಯೇ ಕಾಣಲಿಲ್ಲವಾದ್ದರಿಂದ ಅವರಿಗೂ ತಟ್ಟೆ ಹಾಕಬೇಕಾಯಿತು. ಮಾಲೀಕರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಇದೇ ವೈನು ನಮ್ಮನೇಲಿ ಇನ್ನೂ ಹನ್ನೊಂದು ಬಾಟ್ಲಿ ಇದೆ," ಎಂದರು ನಿಧಾನವಾಗಿ. "ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ. ಒಬ್ಬನೇ ಕೂತು ಒಣ ಬ್ರೆಡ್ ಜೊತೆ ಕುಡೀತಿದ್ನಲ್ಲ, ಅದಕ್ಕೇ ಇರಬೇಕು."

ಮಾಂಸ ಎರಡು ಸಲ ಹಾಕಿಸಿಕೊಂಡರು. ಅಣಬೆ ಮೇಲೋ ಚೀಸು ಮೇಲೋ ಎಂದು ಟೀಚರಮ್ಮನೂ ಟೈಲರನೂ ಜಗಳಕ್ಕೆ ಬಿದ್ದರೆ, ತಾವೂ ಚೀಸಿನ ಪರ ವಹಿಸಿ ಮೇಜು ಗುದ್ದಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಮ್ಮವನಿಗೆ ಹೋದ ಜೀವ ಬಂದಂತಾಯಿತು.

ಊಟ ಮುಗಿಸಿ ಮಾಲೀಕರು ಜೇಬಿನಿಂದ ಕಾಗದ ತೆಗೆದರು. "ಇನ್ನು ಐದು ವರ್ಷಕ್ಕೆ ಕರಾರು. ಬೆಳಗ್ಗೇನೇ ಸಹಿ ಹಾಕಿದ್ದೆ. ಊಟ ಸುಮ್ಮನೆ ನೆಪಕ್ಕೆ."

ನಮ್ಮವನು ಎರಡೂ ಕೈ ಚಾಚಿದ.

ಮಾಲೀಕರು ಕಾಗದವನ್ನು ನಾಲ್ಕಾಗಿ ಹರಿದು ತಟ್ಟೆಯ ಪಕ್ಕ ಇಟ್ಟರು. "ಆದ್ರೆ ಇಂಥ ನೆರೆಹೊರೆ ಬಿಟ್ಟು ನಾನ್ಯಾಕೆ ನನ್ನ ಆ ಖಾಲಿ ಮನೇಲಿ ಒಬ್ಬನೇ ಕೊಳೀಲಿ? ತಪ್ಪು ತಿಳ್ಕೋಬೇಡಿ. ಮುಂದಿನ ತಿಂಗಳಿಂದ ಈ ಮನೇಲಿ ನಾನೇ ಇರ್ತೀನಿ."

ನಮ್ಮವನು, ನೀವಾದರೂ ಏನಾದರೂ ಹೇಳಿ ಎಂಬಂತೆ ಟೈಲರನ ಮುಖ ನೋಡಿದ.

ಟೈಲರ್ ಗಂಟಲು ಸರಿಮಾಡಿಕೊಂಡು ಮಾಲೀಕರತ್ತ ವಾಲಿದ.

"ಬರೋವಾಗ ಆ ಹನ್ನೊಂದು ಬಾಟ್ಲೀನೂ ತರ್ತೀರಲ್ಲ ಸಾರ್?"